ನಾನು ಮೆಚ್ಚಿದ ಕಾದಂಬರಿ ಗೆಳತಿಯರಿಗೆ ಯಾಕೆ ಹಿಡಿಸಲಿಲ್ಲ?

ಓದುಗರ ಪ್ರಶ್ನೆ: "ಮೇಡಂ, ನನ್ನ ಊರು ನಾಪೋಕ್ಲು ಹತ್ತಿರ. ನಾವು ಎಂಟು ಜನ ಹೆಂಗಸರು ತಿಂಗಳಿಗೊಂದು ಭಾನುವಾರ ಯಾರದ್ದಾದರೂ ಮನೆಯಲ್ಲಿ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಎಲ್ಲರಿಗೂ ಕಾದಂಬರಿ ಅಂದ್ರೆ ಪ್ರಾಣ. ಈ ಮಳೆಗಾಲದಲ್ಲಿ ನಾನು ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' ಓದಿದೆ. ನಿದ್ದೆಗೆಟ್ಟು ಓದಿದೆ. ಮುಗಿಸಿದ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ 'ಎಲ್ಲರೂ ಓದಲೇಬೇಕು' ಅಂತ ಉದ್ದದ ಮೆಸೇಜ್ ಹಾಕಿದೆ. ಎರಡು ತಿಂಗಳಾಯ್ತು. ಮುಗಿಸಿದವರು ಒಬ್ಬರೇ. ಉಳಿದವರು ನನ್ನ ಕಂಡರೆ ಬೇರೆ ಮಾತು ತೆಗೆಯುತ್ತಾರೆ. ಇನ್ನೊಂದು ದೊಡ್ಡ ತಪ್ಪೂ ಆಯ್ತು. ನಮ್ಮ ಗುಂಪಿನ ಒಬ್ಬ ಅಕ್ಕನಿಗೆ ಭೈರಪ್ಪನವರ 'ಗೃಹಭಂಗ' ಕೊಟ್ಟೆ. ಮೂರು ವರ್ಷದ ಹಿಂದೆ ಅವರ ಮಗ ತೀರಿಕೊಂಡಿದ್ದ. ಕೊಡುವಾಗ ನನಗೆ ಅದು ಹೊಳೆಯಲೇ ಇಲ್ಲ. ಅವರು ಆಮೇಲೆ ಎರಡು ಸಲ ಸೇರಿದಾಗಲೂ ಬರಲಿಲ್ಲ. ಪುಸ್ತಕ ಅವರ ಮನೆಯಲ್ಲೇ ಇದೆ, ಕೇಳಲು ಧೈರ್ಯ ಇಲ್ಲ. ನನ್ನ ಅಭಿರುಚಿಯಲ್ಲೇ ದೋಷ ಇದೆಯಾ? ಕಥೆ ಹೇಳದೆ ಪುಸ್ತಕದ ಬಗ್ಗೆ ಹೇಳುವುದು ಹೇಗೆ? ಅಥವಾ ಸುಮ್ನೆ ಓದಿಕೊಂಡು ಬಾಯಿ ಮುಚ್ಚಿಕೊಂಡಿರಲಾ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಮೂರ್ನಾಲ್ಕು ಇದ್ದರೂ ಒಳಗೆ ಕೊರೆಯುತ್ತಿರುವುದು ಆ ಅಕ್ಕನ ವಿಷಯ ಅಂತ ಗೊತ್ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗುಂಪಿನ ಮಾತು ಮುಗಿಸೋಣ, ಯಾಕಂದ್ರೆ ಎರಡು ತಪ್ಪಿನ ಬೇರೂ ಒಂದೇ ಕಡೆ ಇದೆ.

ನಿಮ್ಮ ಅಭಿರುಚಿಗೆ ಏನೂ ಆಗಿಲ್ಲ. ಮೂವತ್ತು ವರ್ಷ ಕೊಡಗಿನ ಗ್ರಂಥಾಲಯಗಳಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು ನಾನು. ಇಷ್ಟಪಟ್ಟು ಕೊಟ್ಟ ಪುಸ್ತಕ ಹತ್ತನೇ ಪುಟಕ್ಕೇ ವಾಪಸ್ ಬಂದದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಹಾಗೆ ವಾಪಸ್ ಬಂದವುಗಳಲ್ಲಿ ಹೆಚ್ಚಿನವು ಒಳ್ಳೆಯ ಪುಸ್ತಕಗಳೇ. ಕೊಟ್ಟ ರೀತಿಯಲ್ಲಿ ಏನೋ ತಪ್ಪಿತ್ತು. ಅದು ಏನು ಅಂತ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಒಂದು ಕಾದಂಬರಿ ಮುಗಿಸಿದ ರಾತ್ರಿ ನೀವು ಇರುವುದು ಕೊನೇ ಪುಟದಲ್ಲಿ. ನಾನೂರಕ್ಕೂ ಜಾಸ್ತಿ ಪುಟ ನಡೆದು ಬಂದಿದ್ದೀರಿ. ಆ ಜನರೆಲ್ಲ ನಿಮಗೆ ನೆಂಟರಾಗಿಬಿಟ್ಟಿದ್ದಾರೆ. ಅಲ್ಲಿ ನಿಂತು "ಅಬ್ಬಾ, ಎಂಥಾ ಪುಸ್ತಕ!" ಅನ್ನುತ್ತೀರಿ. ಕೇಳಿಸಿಕೊಂಡವರು ಮೊದಲನೇ ಪುಟದ ಮುಂದೆ ಕೂತಿದ್ದಾರೆ. ಅವರಿಗೆ ಕಾಣುವುದು ಲಿಸ್ಬನ್ ಎಂಬ ಊರು, ಗೇಬ್ರಿಯಲ್, ಬೆಲ್ಲಾ ಎಂಬ ಹೆಸರು. "ವಿಜಯನಗರದ ಕಾಲದ ಕಾದಂಬರಿ ಅಂದಿದ್ರಲ್ಲ, ಇದೇನು ಪೋರ್ಚುಗಲ್?" ಅಂತ ಅವರಿಗೆ ಗಲಿಬಿಲಿ. ಇನ್ನೇನು ಆ ಊರು ಪರಿಚಯ ಆಯ್ತು ಅನ್ನುವಷ್ಟರಲ್ಲಿ ಕಥೆ ತುಂಗಭದ್ರೆಯ ದಡಕ್ಕೆ ಬಂದು, ಹಂಪಮ್ಮ, ಕೇಶವ ಅಂತ ಇನ್ನೊಂದು ಲೋಕ ಶುರುವಾಗುತ್ತದೆ. ಅಲ್ಲೇ ಪುಸ್ತಕ ಮಗುಚಿಟ್ಟಿರುತ್ತಾರೆ. ಎರಡು ನದಿಯ ಕಥೆ ಎಲ್ಲೋ ಒಂದು ಕಡೆ ಸೇರುತ್ತದೆ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಹಾಗಾಗಿ ಯಾರಿಗಾದರೂ ಪುಸ್ತಕ ಹೇಳುವ ಮುಂಚೆ ನಾನೊಂದು ಕೆಲಸ ಮಾಡುತ್ತೇನೆ. ಒಂದು ವಾರ ಸುಮ್ಮನಿರುತ್ತೇನೆ. ಓದಿದ ಬಿಸಿ ಆರಲಿ ಅಂತ. ಆಮೇಲೆ ಮೊದಲ ಇಪ್ಪತ್ತು ಪುಟ ಮತ್ತೆ ಓದುತ್ತೇನೆ, ಈ ಪುಸ್ತಕ ಕಂಡೇ ಇಲ್ಲದವರ ಕಣ್ಣಲ್ಲಿ. ಎಲ್ಲಿ ಎಡವಬಹುದು ಅನ್ನುವುದು ಆಗ ಕಾಣುತ್ತದೆ. ನೀವು ಆ ರಾತ್ರಿ "ಓದಲೇಬೇಕು" ಅನ್ನುವ ಬದಲು "ಮೊದಲು ಪೋರ್ಚುಗಲ್ ಬರುತ್ತೆ, ಹೆದರಬೇಡಿ. ಸ್ವಲ್ಪ ಹೊತ್ತಿಗೆ ನಮ್ಮ ಕಡೆಗೆ ಬರುತ್ತೆ. ಎರಡೂ ಕಥೆ ಸೇರುತ್ತೆ" ಅಂದಿದ್ದರೆ ಇನ್ನಿಬ್ಬರಾದರೂ ಮುಗಿಸುತ್ತಿದ್ದರು ಅಂತ ನನ್ನ ನಂಬಿಕೆ.

"ಓದಲೇಬೇಕು" ಅನ್ನುವ ಮಾತಿಗೆ ಇನ್ನೊಂದು ತೊಂದರೆ ಇದೆ. ಅದು ಸಾಲದ ಹಾಗೆ. ಓದದಿದ್ದವರು ನಿಮಗೆ ಏನೋ ಬಾಕಿ ಉಳಿಸಿಕೊಂಡ ಹಾಗೆ ನಡೆದುಕೊಳ್ಳುತ್ತಾರೆ. ನಿಮ್ಮನ್ನು ಕಂಡರೆ ಮಾತು ಮರೆಸುವುದು ಅದಕ್ಕೇ. ಅವರಿಗೆ ನಿಮ್ಮ ಮೇಲೆ ಬೇಸರ ಇಲ್ಲ, ಮುಜುಗರ ಇದೆ. ಮುಂದಿನ ಸಲ ಸೇರಿದಾಗ ನೀವೇ ಬಾಯಿಬಿಟ್ಟು "ಅದನ್ನ ಬಿಟ್ಟುಬಿಡಿ, ನಾನು ಅವಸರ ಮಾಡಿದೆ" ಅಂದುಬಿಡಿ. ಸಾಲ ತೀರುತ್ತದೆ.

ಇನ್ನು ಕಾಲದ ಮಾತು. ಕೊಡಗಿನಲ್ಲಿ ಓದಿಗೂ ಒಂದು ಪಂಚಾಂಗ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಧೋ ಅಂತ ಸುರಿಯುವಾಗ ಕರೆಂಟು ಇಲ್ಲ, ಟೀವಿ ಇಲ್ಲ, ಹೊರಗೆ ಹೋಗುವ ಹಾಗಿಲ್ಲ. ಗ್ರಂಥಾಲಯದಿಂದ ದಪ್ಪ ಪುಸ್ತಕಗಳು ಹೊರಗೆ ಹೋಗುತ್ತಿದ್ದದ್ದು ಆಗಲೇ. ಡಿಸೆಂಬರಿಂದ ಕಾಫಿ ಕೊಯ್ಲು ಶುರುವಾದರೆ ಮುಗಿಯಿತು. ಆಳುಗಳ ಲೆಕ್ಕ, ಕಣದಲ್ಲಿ ಹರಡಿದ ಕಾಫಿ, ಅಕಾಲದಲ್ಲಿ ಮೋಡ ಕಟ್ಟಿದರೆ ಟಾರ್ಪಾಲು ಹಿಡಿದು ಓಟ. ರಾತ್ರಿ ಪುಸ್ತಕ ಹಿಡಿದರೆ ಎರಡು ಪುಟಕ್ಕೆ ಕಣ್ಣು ಮುಚ್ಚುತ್ತದೆ. ನೀವು ಓದಿದ್ದು ಮಳೆಗಾಲದಲ್ಲಿ, ಬಿಡುವಿನಲ್ಲಿ. ಅವರು ಯಾವಾಗ ಶುರು ಮಾಡಿದರು, ಅವರ ಮನೆಯಲ್ಲಿ ಆಗ ಏನು ನಡೆಯುತ್ತಿತ್ತು, ಕೇಳಿ ನೋಡಿ. ಕೊಯ್ಲಿನ ಕಾಲಕ್ಕೆ ನಾನು ಕೊಡುತ್ತಿದ್ದದ್ದು ಕೊಡಗಿನ ಗೌರಮ್ಮನವರ ಕಥೆಗಳನ್ನು. 1939ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ ನೀರುಪಾಲಾದ ಆ ಹೆಣ್ಣುಮಗಳು ಬರೆದದ್ದು ಸಣ್ಣ ಸಣ್ಣ ಕಥೆ. ಒಂದು ಕೂರುವಿಕೆಗೆ ಒಂದು ಮುಗಿಯುತ್ತದೆ. ಕಾದಂಬರಿ ಅಲ್ಲವಲ್ಲ ಅನ್ನಬೇಡಿ. ಓದು ನಿಲ್ಲದ ಹಾಗೆ ಅವು ನೋಡಿಕೊಳ್ಳುತ್ತವೆ.

ಓದುವವರ ಬಾಯಲ್ಲಿ ಓಡಾಡುವ ಕೆಲವು ನಂಬಿಕೆಗಳ ಬಗ್ಗೆಯೂ ಹೇಳಬೇಕು.

ದಪ್ಪ ಪುಸ್ತಕ ಈಗ ಯಾರೂ ಓದಲ್ಲ ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ಇದು ಸುಳ್ಳು. ಓದುಗರು ಸೋಲುವುದು ದಪ್ಪಕ್ಕಲ್ಲ, ಹೆಸರುಗಳಿಗೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದದ್ದು. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ದಾರಿ ಹಿಡಿದಾಗ ಶುರುವಾಗಿ, ಆಮೇಲೆ ಮನೆ ಮನೆಯ ಜನ ಬಂದು ತುಂಬಿಕೊಳ್ಳುತ್ತಾರೆ. ಯಾರು ಯಾರ ಮಗಳು, ಯಾರು ಯಾರ ಒಕ್ಕಲು, ನೂರು ಪುಟಕ್ಕೆ ತಲೆ ಗೊಂದಲದ ಗೂಡು. ನಮ್ಮ ಗ್ರಂಥಾಲಯದ ಪ್ರತಿಯನ್ನು ಒಬ್ಬರು ವಾಪಸ್ ತಂದಾಗ ಒಳಗೊಂದು ಚೀಟಿ ಇತ್ತು. ಕಾಫಿ ಕ್ಯೂರಿಂಗ್ ರಸೀದಿಯ ಹಿಂಬದಿ. ಪೆನ್ಸಿಲ್‌ನಲ್ಲಿ ಹೆಸರುಗಳು: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಪಕ್ಕದಲ್ಲಿ ಯಾವ ಮನೆ ಅನ್ನುವ ಗುರುತು. ನಾನು ಅದನ್ನು ತೆಗೆಯಲಿಲ್ಲ. ಆಮೇಲೆ ಆ ಪುಸ್ತಕ ಒಯ್ದವರು ಅದೇ ಚೀಟಿಗೆ ತಮ್ಮ ಕೈಬರಹದಲ್ಲಿ ಇನ್ನಷ್ಟು ಹೆಸರು ಸೇರಿಸುತ್ತಾ ಹೋದರು. ದೊಡ್ಡ ಕಾದಂಬರಿ ಕೊಡುವಾಗ ಅಂಥದ್ದೊಂದು ಚೀಟಿ ನೀವೇ ಬರೆದು ಒಳಗಿಡಿ. ಕಾಲು ಗಂಟೆಯ ಕೆಲಸ.

ಪ್ರಶಸ್ತಿ ಬಂದ ಪುಸ್ತಕ ಕೊಟ್ಟರೆ ಚಿಂತೆಯಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ. ಅನುವಾದಿಸಿದ ದೀಪಾ ಭಾಸ್ತಿ ನಮ್ಮ ಕೊಡಗಿನವರೇ ಆದ್ದರಿಂದ ಇಲ್ಲಿ ಸಂಭ್ರಮ ಇನ್ನೂ ಜಾಸ್ತಿ. "ಆ ಕಾದಂಬರಿ ಎಲ್ಲಿ ಸಿಗುತ್ತೆ?" ಅಂತ ನನಗೂ ಫೋನ್ ಬಂತು. ಅದು ಕಾದಂಬರಿ ಅಲ್ಲ, ಹನ್ನೆರಡು ಕಥೆಗಳ ಪುಸ್ತಕ. ಕಾದಂಬರಿ ಅಂದುಕೊಂಡು ಕೂತವರು ಎರಡನೇ ಕಥೆಯಲ್ಲಿ ಮೊದಲನೆಯದರ ಜನರನ್ನೇ ಹುಡುಕುತ್ತಾ ಕೂರುತ್ತಾರೆ. ಇದು ಏನು, ಹೇಗಿದೆ ಅಂತ ಒಂದು ಮಾತು ಮೊದಲೇ ಹೇಳಿದರೆ ಸಾಕು.

ನಮ್ಮೂರಿನ ಕಥೆ ನಮ್ಮೂರವರಿಗೆ ಹಿಡಿಸಿಯೇ ಹಿಡಿಸುತ್ತದೆ ಅಂತ ನಾನೂ ನಂಬಿದ್ದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ', 1956ರ ಕಾದಂಬರಿ, 1983ರಲ್ಲಿ ಜ್ಞಾನಪೀಠ ತಂದುಕೊಟ್ಟದ್ದು. 1834ರಲ್ಲಿ ಬ್ರಿಟಿಷರು ಇಳಿಸಿದ ನಮ್ಮ ಕೊನೆಯ ಅರಸನ ಕಥೆ. ಹೊರಗಿನವರು ಅದನ್ನು ಒಬ್ಬ ಮನುಷ್ಯ ಹಾಳಾಗುವ ಕಥೆಯಾಗಿ ಓದುತ್ತಾರೆ. ಇಲ್ಲಿಯವರು ಚರಿತ್ರೆಯಾಗಿ ಓದುತ್ತಾರೆ, ಮನೆಯಲ್ಲಿ ಅಜ್ಜ ಹೇಳಿದ್ದಕ್ಕೂ ಇದಕ್ಕೂ ತಾಳೆ ಹಾಕುತ್ತಾರೆ. ನನ್ನ ಹತ್ತಿರ ತಕರಾರು ತಂದವರೂ ಇದ್ದಾರೆ, ಅದರಿಂದಲೇ ಊರಿನ ಚರಿತ್ರೆ ಹುಡುಕಲು ಹೊರಟವರೂ ಇದ್ದಾರೆ. ಕೊಡಬೇಡಿ ಅನ್ನುತ್ತಿಲ್ಲ. ಗುಂಪಿನಲ್ಲಿ ಇದನ್ನು ಓದಿದರೆ ಮಾತು ಕಾದಂಬರಿಯಿಂದ ಚರಿತ್ರೆಗೆ ಜಾರುತ್ತದೆ. ಅದು ನಿಮಗೆ ಬೇಕಾ ಅಂತ ಮೊದಲೇ ಯೋಚಿಸಿ. ಬೇಕು ಅಂದರೆ ಅದಕ್ಕಿಂತ ಒಳ್ಳೆಯ ಭಾನುವಾರ ಸಿಗಲಿಕ್ಕಿಲ್ಲ. ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ಕೊಟ್ಟರೆ ತೊಂದರೆ ಬೇರೆ. "ಸಿನಿಮಾ ನೋಡಿದ್ದೀವಿ" ಅನ್ನುತ್ತಾರೆ. 1973ರ ಪುಟ್ಟಣ್ಣನವರ ಸಿನಿಮಾ ಅಷ್ಟು ಮನಸ್ಸಿಗೆ ಇಳಿದಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಕಥೆ ಎಷ್ಟು ಹೇಳಬೇಕು?

ಕಥೆ ಹೇಳಿದರೆ ಸ್ವಾರಸ್ಯ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರು ಅಂತ ಹೇಳಿದರೆ ಮುಗಿದೇ ಹೋಯಿತು. ಆದರೆ 'ಗೃಹಭಂಗ' ಓದುವುದು ಯಾರು ಸಾಯುತ್ತಾರೆ ಅಂತ ತಿಳಿಯಲಿಕ್ಕಲ್ಲ. ನಂಜಮ್ಮ ಅಷ್ಟೆಲ್ಲದರ ನಡುವೆ ಹೇಗೆ ನಿಲ್ಲುತ್ತಾಳೆ ಅಂತ ನೋಡಲಿಕ್ಕೆ. ಪ್ಲೇಗು ಅವಳ ಮಕ್ಕಳನ್ನು ಕಿತ್ತುಕೊಳ್ಳುತ್ತದೆ ಅಂತ ಗೊತ್ತಿದ್ದೂ ಅದನ್ನು ಮೂರು ಮೂರು ಸಲ ಓದಿದವರು ನನ್ನ ಬಳಿ ಇದ್ದರು. ತಿಳಿದರೆ ಆ ಪುಸ್ತಕ ಏನೂ ಕಳೆದುಕೊಳ್ಳುವುದಿಲ್ಲ. ತಿಳಿಯದೆ ಹೋದರೆ ಓದುವ ಕೆಲವರು ಕಳೆದುಕೊಳ್ಳುತ್ತಾರೆ.

ನಾನು ಈ ಪಾಠ ಕಲಿತದ್ದು 2018ರಲ್ಲಿ. ಆ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದು ಯಾರಿಗೂ ಮರೆತಿಲ್ಲ. ಕೆಲವು ತಿಂಗಳಾದ ಮೇಲೆ ಮಕ್ಕಂದೂರು ಕಡೆಯ ಒಬ್ಬರು ಗ್ರಂಥಾಲಯಕ್ಕೆ ಬರತೊಡಗಿದರು. ಬಾಡಿಗೆ ಮನೆಯಲ್ಲಿದ್ದರು. ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. "ಏನಾದ್ರೂ ಒಳ್ಳೇದು ಕೊಡಿ" ಅಂದರು. ನಾನು ಆ ವಾರವಷ್ಟೇ ನಾ. ಡಿಸೋಜರ 'ದ್ವೀಪ' ಮತ್ತೆ ಓದಿದ್ದೆ. ಅಣೆಕಟ್ಟಿನ ನೀರು ಏರಿ ಏರಿ ಒಂದು ಮನೆಯ ಸುತ್ತ ಸೇರಿಕೊಳ್ಳುವ ಕಥೆ. ಸಣ್ಣ ಪುಸ್ತಕ, ಮಳೆಯ ಊರು, ಇವರಿಗೆ ಹತ್ತಿರ ಆಗುತ್ತೆ ಅಂತ ಕೊಟ್ಟೆ. ಮೂರನೇ ದಿನ ಪತ್ರಿಕೆಯಲ್ಲಿ ಸುತ್ತಿ ತಂದಿಟ್ಟರು. ಒಳಗೆ ಬಸ್ ಟಿಕೆಟ್ಟು ಗುರುತಿಗೆ ಇಟ್ಟಿದ್ದರು, ಅರ್ಧಕ್ಕೂ ಬಂದಿರಲಿಲ್ಲ. "ರಾತ್ರಿ ನೀರಿನ ಸದ್ದು ಕೇಳ್ತದೆ ಮೇಡಂ" ಅಂದರು, ಅಷ್ಟೇ. ನನಗೆ ಕೈಕಾಲು ತಣ್ಣಗಾಯಿತು.

ಅಂದಿನಿಂದ ಅಂಥ ಪುಸ್ತಕ ಅಂಥವರಿಗೆ ಕೊಡಬಾರದು ಅಂತ ತೀರ್ಮಾನ ಮಾಡಿಬಿಟ್ಟೆ. ಅದೂ ತಪ್ಪೇ ಆಯಿತು. ಅದೇ ಕಡೆಯ ಇನ್ನೊಬ್ಬ ಹಿರಿಯರಿಗೆ ನಗೆಬರಹಗಳನ್ನೇ ಆರಿಸಿ ಆರಿಸಿ ಕೊಡುತ್ತಿದ್ದೆ. ಒಂದು ದಿನ ಅವರು "ನನ್ನ ಮನೆ ಹೋದದ್ದು ನನಗೆ ಮರೆಯುವುದು ಬೇಡ. ಅಂಥದ್ದನ್ನ ಯಾರಾದ್ರೂ ಬರೆದಿದ್ರೆ ಕೊಡಿ" ಅಂದರು. 'ದ್ವೀಪ' ಒಯ್ದು ಪೂರ್ತಿ ಓದಿದರು. ಅದನ್ನು ಮತ್ತೆ ಒಂದು ತಿಂಗಳಿಗೆ ಬರೆಸಿಕೊಂಡು ಹೋದರು.

ಇಬ್ಬರದೂ ಒಂದೇ ನಷ್ಟ. ಯಾರಿಗೆ ಯಾವುದು ಬೇಕು ಅಂತ ಹೊರಗೆ ಕೂತ ನಮಗೆ ತಿಳಿಯುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಏನಿದೆ ಅಂತ ಹೇಳಿ, ಆರಿಸುವುದನ್ನು ಅವರಿಗೇ ಬಿಡುವುದು ಒಂದೇ ದಾರಿ. ಮಕ್ಕಳ ಸಾವು, ಆತ್ಮಹತ್ಯೆ, ಹೆಣ್ಣಿನ ಮೇಲಿನ ಬಲಾತ್ಕಾರ, ದೀರ್ಘ ಕಾಯಿಲೆ, ಇವು ಇದ್ದರೆ ಒಂದು ಸಾಲಿನಲ್ಲಿ ಹೇಳಿ. "ಇದರಲ್ಲಿ ಮಕ್ಕಳು ಹೋಗ್ತಾರೆ. ಈಗ ಓದ್ತೀರಾ, ಆಮೇಲೆ ನೋಡೋಣ್ವಾ?" ಇಷ್ಟೇ ಸಾಕು. ಎಲ್ಲರ ಎದುರು ಹೇಳಬೇಡಿ. "ನನ್ನನ್ನ ಕೈಲಾಗದವಳು ಅಂದುಕೊಂಡ್ರಾ" ಅಂತ ಕೆಲವರಿಗೆ ನೋವಾಗುತ್ತದೆ. ಪುಸ್ತಕ ಕೈಗೆ ಕೊಡುವಾಗ, ಇಬ್ಬರೇ ಇದ್ದಾಗ ಹೇಳಿ. ಮರೆಯುತ್ತೇನೆ ಅನ್ನಿಸಿದರೆ ಓದುವಾಗಲೇ ಪೆನ್ಸಿಲ್‌ನಲ್ಲಿ ಹಿಂದಿನ ಖಾಲಿ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. 'ತೇಜೋ ತುಂಗಭದ್ರಾ'ದಲ್ಲೂ ಕ್ರೌರ್ಯ ಸಾಕಷ್ಟಿದೆ. ಧರ್ಮದ ಹೆಸರಿನ ಹಿಂಸೆ ಇದೆ, ಸತಿ ಹೋಗುವುದಿದೆ. ನಿಮ್ಮ ಗುಂಪಿನಲ್ಲಿ ಒಬ್ಬಿಬ್ಬರು ನಿಲ್ಲಿಸಿದ್ದು ಅದಕ್ಕೂ ಇರಬಹುದು.

ಅದರ ಮೇಲೆ ಏನು ಹೇಳಬೇಕು? ಒಂದೇ ಒಂದು ದೃಶ್ಯ. ವಾರ ಕಳೆದ ಮೇಲೂ ನಿಮ್ಮ ಕಣ್ಣಿಗೆ ಕಟ್ಟಿರುವುದು. ಕಥೆಯ ಮೊದಲ ಕಾಲುಭಾಗದೊಳಗಿನದ್ದು ಆದರೆ ಇನ್ನೂ ಒಳ್ಳೆಯದು. ನಾನು ಇತ್ತೀಚೆಗೆ ಓದಿದ ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಬಗ್ಗೆ ಗೆಳತಿಗೆ ಹೇಳಿದ್ದು ಹೀಗೆ: "ಬೆಂಗಳೂರಲ್ಲಿ ಗಂಡ, ಹೆಂಡತಿ, ಕಾಲೇಜಿಗೆ ಹೋಗೋ ಮಗಳು. ಒಂದು ಸಂಜೆ ಯಾರೋ ಇಬ್ಬರು ಹುಡುಗರು ಬಾಗಿಲು ಬಡಿದು ಮಗಳನ್ನ ಕೇಳ್ತಾರೆ. ಅವಳು ನೆಟ್‌ವರ್ಕ್ ಇಲ್ಲದ ಊರಲ್ಲಿದ್ದಾಳೆ. ಅಲ್ಲಿಂದ ನಾಲ್ಕು ದಿನದ ಕಥೆ. ಅಪ್ಪನೇ ಕಥೆ ಹೇಳೋದು, ಆದ್ರೆ ಅವನ ಮಾತನ್ನ ಪೂರ್ತಿ ನಂಬೋಕಾಗಲ್ಲ. ಕೊನೆಗೆ ಎಲ್ಲಾ ಪ್ರಶ್ನೆಗೂ ಉತ್ತರ ಸಿಗಲ್ಲ, ಅದು ನಿನಗೆ ಕಿರಿಕಿರಿ ಆಗುತ್ತೆ ಅಂದ್ರೆ ಬೇಡ." ಗೆಳತಿ ನಕ್ಕು, "ನೆಟ್‌ವರ್ಕ್ ಇಲ್ಲದ ಊರು ಅಂದ್ರೆ ನಮ್ಮದೇ" ಅಂತ ತೆಗೆದುಕೊಂಡು ಹೋದಳು. ಚೆನ್ನಾಗಿದೆ, ಅದ್ಭುತ ಅನ್ನುವ ಮಾತೇ ನಾನು ಆಡಿರಲಿಲ್ಲ.

ಎಂಟು ಜನಕ್ಕೂ ಒಂದೇ ಪುಸ್ತಕವಾ, ಬೇರೆ ಬೇರೆಯಾ ಅಂತ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಒಂದೇ ಪುಸ್ತಕ ಆದರೆ ಮಾತು ಗಟ್ಟಿಯಾಗುತ್ತದೆ, ಹಿಂದೆ ಬಿದ್ದವರು ಮನೆಯಲ್ಲೇ ಉಳಿದುಬಿಡುತ್ತಾರೆ. ಬೇರೆ ಬೇರೆ ಆದರೆ ಎಲ್ಲರೂ ಬರುತ್ತಾರೆ, ಮಾತು ಚದುರುತ್ತದೆ. ಈಗಿನ ಪರಿಸ್ಥಿತಿಯಲ್ಲಿ ಒಂದೆರಡು ತಿಂಗಳು ಬೇರೆ ಬೇರೆ ಓದಿ. ಆಮೇಲೆ ಎಲ್ಲರಿಗೂ ಒಂದೇ ಅಂತಾದರೆ ಸಣ್ಣದರಿಂದ ಶುರು ಮಾಡಿ. ನನ್ನ ಆಯ್ಕೆ ತೇಜಸ್ವಿಯವರ 'ಕರ್ವಾಲೊ', 1980ರದ್ದು. ಜೇನು ತರಲು ಹೋದಲ್ಲಿ ಶುರುವಾಗಿ ಹಾರುವ ಓತಿಯ ಹಿಂದೆ ಕಾಡಿಗೆ ನುಗ್ಗುವ ಕಥೆ. ತೋಟದವರಿಗೆ ಪ್ರತಿ ಪುಟವೂ ಗೊತ್ತಿರುವ ಲೋಕ. "ಓದಿದ್ದೀವಲ್ಲ" ಅಂತ ಕೆಲವರು ಮೂಗು ಮುರಿಯಬಹುದು. ಹಾಗಾದರೆ ಮೊದಲ ಅಧ್ಯಾಯವನ್ನು ಒಬ್ಬರು ಜೋರಾಗಿ ಓದಲಿ. ಮಂದಣ್ಣ ಬಾಯಿ ತೆರೆಯುವ ಹೊತ್ತಿಗೆ ಮೂಗು ಮುರಿದವರೇ ಮುಂದಕ್ಕೆ ಬಾಗಿ ಕೂತಿರುತ್ತಾರೆ. ಶಾನಭಾಗರದ್ದೇ 'ಘಾಚರ್ ಘೋಚರ್' ಕೂಡ ಸಣ್ಣದೇ. ಹಳೇ ಮನೆಯಲ್ಲಿ ಇರುವೆಗಳ ಜೊತೆ ಆ ಸಂಸಾರ ನಡೆಸುವ ಯುದ್ಧದ ಭಾಗ ಯಾರಿಗೂ ಮರೆಯುವುದಿಲ್ಲ. ಆದರೆ ಅದು ನಿಲ್ಲುವ ಜಾಗ ಕಂಡು "ಇದೇನು, ಪುಟ ಹರಿದಿದೆಯಾ?" ಅಂತ ಕೇಳಿದವರಿದ್ದಾರೆ. ಮೊದಲೇ ಹೇಳಿ ಕೊಡಿ.

ಜೋರಾಗಿ ಓದುವ ಮಾತು ಬಂತಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' ಕಣ್ಣಲ್ಲಿ ಓದಿ ಸೋತವರು ಕಿವಿಯಲ್ಲಿ ಕೇಳಿ ಗೆದ್ದದ್ದನ್ನು ನೋಡಿದ್ದೇನೆ. ಆ ನಂಜನಗೂಡು ಸೀಮೆಯ ಮಾತು ಅಚ್ಚಿನಲ್ಲಿ ಗೋಡೆಯ ಹಾಗೆ ಕಾಣುತ್ತದೆ, ಬಾಯಿಗೆ ಬಂದರೆ ಹಾಡಿನ ಹಾಗೆ ಹರಿಯುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ನಮ್ಮವರಿಗೆ ಪುಸ್ತಕದ ಕನ್ನಡವೇ ಎರಡನೆಯದು. ಅದರಲ್ಲೂ ಇನ್ನೊಂದು ಸೀಮೆಯ ಕನ್ನಡ ಅಂದರೆ ಕಷ್ಟವೇ. ಅವಸರ ಬೇಡ, ದಿನಕ್ಕೆ ನಾಲ್ಕು ಪುಟ.

ನಿಮ್ಮ ಪ್ರತಿಗಳು ಹಾಳಾಗಬಾರದು ಅಂತಿದ್ದರೆ ಇನ್ನೊಂದು ವಿಷಯ. ಮಳೆಗಾಲದಲ್ಲಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಬೇಡಿ. ಒಳಗಿನ ತೇವಕ್ಕೇ ಬೂಷ್ಟು ಹಿಡಿಯುತ್ತದೆ. ಒಯ್ಯುವಾಗ ಮಾತ್ರ ಕವರು, ಮನೆ ಸೇರಿದ ಮೇಲೆ ಬಿಚ್ಚಿ ಗಾಳಿಯಾಡುವ ಕಡೆ ನಿಲ್ಲಿಸಿ ಇಡಲು ಹೇಳಿ. ಹೆಚ್ಚಿನ ಪ್ರತಿ ಬೇಕಾದರೆ ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಮಡಿಕೇರಿಯ ಗ್ರಂಥಾಲಯದಲ್ಲಿ ಕೇಳಿ.

ಇನ್ನು ಆ ಅಕ್ಕ.

ನೀವು ಹೊಳೆಯದೆ ಮಾಡಿದ್ದು ಅಂತ ಅವರಿಗೂ ಗೊತ್ತಿರುತ್ತದೆ. ಆದರೂ ನೀವು ಹೋಗಬೇಕು. ಫೋನ್ ಬೇಡ, ಮೆಸೇಜ್ ಖಂಡಿತ ಬೇಡ. ಕೈಯಲ್ಲಿ ಬೇರೆ ಪುಸ್ತಕ ಹಿಡಿದು ಹೋಗಬೇಡಿ. ಒಂದರ ಬದಲು ಇನ್ನೊಂದು ಕೊಟ್ಟು ಸರಿ ಮಾಡಲು ಬಂದಳು ಅನ್ನಿಸುತ್ತದೆ. ತೋಟದ್ದೇನಾದರೂ ಹಣ್ಣೋ ಸೊಪ್ಪೋ ಒಯ್ಯಿರಿ. "ಅಕ್ಕ, ಆ ಪುಸ್ತಕ ಕೊಡುವಾಗ ನಾನು ಯೋಚಿಸಲಿಲ್ಲ, ತಪ್ಪಾಯ್ತು" ಅಂತ ಒಂದೇ ಸಲ ಹೇಳಿ. ಮತ್ತೆ ಮತ್ತೆ ಹೇಳಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅವರು ಮಗನ ಮಾತು ತೆಗೆದರೆ ಕೇಳುತ್ತಾ ಕೂರಿ. ತೆಗೆಯದಿದ್ದರೆ ಕೆದಕಬೇಡಿ. ಅಳು ಜಾಸ್ತಿ ಇದೆ, ಊಟ ನಿದ್ದೆ ಬಿಟ್ಟಿದ್ದಾರೆ ಅನ್ನಿಸಿದರೆ ಅದು ಪುಸ್ತಕದ ಮಾತಾಗಿ ಉಳಿದಿಲ್ಲ. ಮನೆಯವರಿಗೆ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಏರ್ಪಾಡು ಮಾಡಿ.

'ಗೃಹಭಂಗ'ವನ್ನು ವಾಪಸ್ ಕೇಳಬೇಡಿ. ಅವರು ಅದನ್ನು ಕಪಾಟಿನ ಮೇಲೆ ಇಟ್ಟಿರಬಹುದು, ಅರ್ಧ ಓದಿರಬಹುದು, ಮುಗಿಸಿಯೂ ಇರಬಹುದು. ಅವರಾಗಿ ತಂದುಕೊಟ್ಟರೆ "ಎಲ್ಲಿಯವರೆಗೆ ಓದಿದ್ರಿ" ಅಂತ ಕೇಳದೆ ತೆಗೆದುಕೊಳ್ಳಿ. ಮುಂದಿನ ಭಾನುವಾರ ಯಾರ ಮನೆಯಲ್ಲಿ ಅಂತ ಮಾತ್ರ ತಿಳಿಸಿ ಬನ್ನಿ. ಪುಸ್ತಕ ಓದದೇ ಬಂದರೂ ಪರವಾಗಿಲ್ಲ ಅಂತಲೂ ಹೇಳಿ.